ಹೇಳಿಕೊಡುವುದಾ, ತೋರಿಸುವುದಾ, ಕಲಿಯಲು ಬಿಡುವುದಾ? ಗೇಮ್‌ನ ಪಾತ್ರಗಳಿಗೆ ಬುದ್ಧಿ ಕೊಡುವ ಮೂರು ದಾರಿಗಳು

ನಮ್ಮ ಚಿಕ್ಕಪ್ಪನ ತೋಟ ಇರುವುದು ತೀರ್ಥಹಳ್ಳಿ ಹತ್ತಿರ. ಅಡಿಕೆ, ನಡುನಡುವೆ ಬಾಳೆ, ಅಡಿಕೆ ಮರಕ್ಕೆ ಹಬ್ಬಿಸಿದ ಕಾಳುಮೆಣಸು. ತೋಟದ ಅಂಚಿಗೆ ಒಂದು ಹಳ್ಳ, ಅದನ್ನು ದಾಟಲು ಕಾಲುಸಂಕ. ಅಲ್ಲಿ ಮಂಗಗಳ ಕಾಟ ಇದ್ದದ್ದೇ. ಚಿಕ್ಕಪ್ಪ ತೋಟಕ್ಕೆ ಇಳಿದರೆ ಮಂಗಗಳು ಮೊದಲು ಅವರ ಕೈ ನೋಡುತ್ತವೆ. ಕೈಯಲ್ಲಿ ಕವಣೆ ಇದ್ದರೆ ಓಟ. ಬರಿಗೈ ಇದ್ದರೆ ಬಾಳೆಗೊನೆ ಬಿಟ್ಟು ಅಲ್ಲಾಡುವುದೂ ಇಲ್ಲ. ಇದನ್ನು ನೋಡುತ್ತಾ ಕೂತಾಗಲೇ ಒಂದು ಸಣ್ಣ ಗೇಮ್ ಮಾಡಬೇಕು ಅಂತ ನನಗೆ ಅನಿಸಿದ್ದು. ಆಟಗಾರ ತೋಟ ಕಾಯಬೇಕು, ಮಂಗಗಳು ಬಾಳೆಗೊನೆಗೆ ಬರಬೇಕು. ಜೊತೆಗೆ ಮನೆಯ ನಾಯಿ, ಮತ್ತೆ ಅಡಿಕೆ ಕೊನೆ ಇಳಿಸಲು ಬರುವ ಒಬ್ಬ ಕೊನೆಗೌಡ.

ಮೂರೂ ಪಾತ್ರಕ್ಕೆ ರೀಇನ್‌ಫೋರ್ಸ್‌ಮೆಂಟ್ ಲರ್ನಿಂಗ್ ಹಾಕಿಬಿಡೋಣ ಅಂತ ಮೊದಲು ಹೊರಟಿದ್ದೆ. ಇದನ್ನು ಮುಂದೆ ಆರ್‌ಎಲ್ ಅಂತಲೇ ಕರೆಯುತ್ತೇನೆ. ಪಾತ್ರ ತಾನೇ ಏನೇನೋ ಮಾಡಿ ನೋಡುತ್ತದೆ, ಒಳ್ಳೆಯದು ಮಾಡಿದರೆ ಅಂಕ ಸಿಗುತ್ತದೆ, ಕೆಟ್ಟದ್ದಕ್ಕೆ ಅಂಕ ಹೋಗುತ್ತದೆ, ಲಕ್ಷಾಂತರ ಸಲ ಹೀಗೆ ಮಾಡಿ ಕಲಿಯುತ್ತದೆ. ಕೇಳಲು ಬಹಳ ಚೆನ್ನಾಗಿದೆ ಅಲ್ವಾ? ಆದರೆ ಕೆಲಸ ಮಾಡುತ್ತಾ ಹೋದಂತೆ ಮೂರು ಪಾತ್ರಕ್ಕೆ ಮೂರು ಬೇರೆ ದಾರಿ ಹಿಡಿಯಬೇಕಾಯಿತು. ಶಿವಮೊಗ್ಗದಲ್ಲೋ ಸಾಗರದಲ್ಲೋ ಕೂತು ಒಂದು ಲ್ಯಾಪ್‌ಟಾಪ್ ಇಟ್ಟುಕೊಂಡು ಗೇಮ್ ಮಾಡುವವರಿಗೆ, ಕಾಲೇಜಿನ ಕೊನೇ ವರ್ಷದ ಪ್ರಾಜೆಕ್ಟ್‌ಗೆ ಇದನ್ನು ಆರಿಸಿಕೊಳ್ಳುವವರಿಗೆ ಈ ಹೋಲಿಕೆ ಉಪಯೋಗಕ್ಕೆ ಬರಬಹುದು.

ಆಯ್ಕೆ ಮಾಡುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ. ಈ ಪಾತ್ರ ಏನು ಮಾಡಬೇಕು ಅಂತ ನೀವು ಬಾಯಲ್ಲಿ ಹೇಳಬಲ್ಲಿರಾ? ಹೇಳಲು ಬಂದರೆ ಅದನ್ನೇ ಕೋಡ್ ಮಾಡಿ. ಹೇಳಲು ಬರುವುದಿಲ್ಲ, ಕೀಬೋರ್ಡ್ ಕೊಟ್ಟರೆ ಆಡಿ ತೋರಿಸುತ್ತೇನೆ ಅನ್ನುವುದಾದರೆ ನಕಲು ಮಾಡುತ್ತಾ ಕಲಿಯುವ ಇಮಿಟೇಷನ್ ಲರ್ನಿಂಗ್ ನೋಡಿ. ಹೇಳಲೂ ಆಗುವುದಿಲ್ಲ, ತೋರಿಸಲೂ ಆಗುವುದಿಲ್ಲ, ಕೊನೆಗೆ ಏನು ಸಿಕ್ಕರೆ ಗೆದ್ದ ಹಾಗೆ ಅನ್ನುವುದಷ್ಟೇ ಗೊತ್ತು ಅಂದರೆ, ಆಗ ಆರ್‌ಎಲ್.

ಹೇಳಿಕೊಡುವ ದಾರಿ: ಕೊನೆಗೌಡ

ಕೊನೆಗೌಡನ ಕೆಲಸ ನನಗೆ ಹುಟ್ಟಿದಾಗಿನಿಂದ ಗೊತ್ತು. ಮರ ಹತ್ತುತ್ತಾನೆ, ಕೊನೆ ಕೊಯ್ಯುತ್ತಾನೆ, ಹಗ್ಗದ ಮೇಲೆ ಜಾರಿಸಿ ಕೆಳಗೆ ಬಿಡುತ್ತಾನೆ, ಮರ ಬಾಗಿಸಿ ಪಕ್ಕದ ಮರಕ್ಕೆ ದಾಟುತ್ತಾನೆ. ಮಳೆ ಬಂದರೆ ಇಳಿಯುತ್ತಾನೆ. ಒಂದೊಂದು ಹೆಜ್ಜೆಯನ್ನೂ ಹೇಳಬಹುದು. ಇಂಥ ಪಾತ್ರಕ್ಕೆ ಸ್ಟೇಟ್ ಮಷಿನ್ ಸಾಕು. ಹತ್ತುವುದು ಒಂದು ಸ್ಥಿತಿ, ಕೊಯ್ಯುವುದು ಒಂದು, ದಾಟುವುದು ಇನ್ನೊಂದು. ಯಾವಾಗ ಯಾವುದರಿಂದ ಯಾವುದಕ್ಕೆ ಹೋಗಬೇಕು ಅಂತ ಬರೆದರೆ ಮುಗಿಯಿತು. ನನಗೆ ಎರಡು ದಿನ ಹಿಡಿಯಿತು, ಅದರಲ್ಲಿ ಒಂದೂವರೆ ದಿನ ಹೋದದ್ದು ಮರ ಬಾಗುವ ಆನಿಮೇಷನ್‌ಗೆ.

ಸ್ಥಿತಿಗಳು ಜಾಸ್ತಿಯಾದಾಗ ಸ್ಟೇಟ್ ಮಷಿನ್ ಸಿಕ್ಕುಗಟ್ಟುತ್ತದೆ. 6 ಸ್ಥಿತಿ ಇದ್ದರೆ ಅವುಗಳ ನಡುವೆ 30 ದಾರಿ ಆಗಬಹುದು, 10 ಇದ್ದರೆ 90. ಆಗ ಬಿಹೇವಿಯರ್ ಟ್ರೀ ವಾಸಿ. ಮರದ ಕೊಂಬೆಗಳ ಹಾಗೆ ಕೆಲಸಗಳನ್ನು ಜೋಡಿಸಿಡುತ್ತೀರಿ. ಎಂಜಿನ್, ಅಂದರೆ ಆಟವನ್ನು ಕಟ್ಟಿ ಓಡಿಸುವ ಸಾಫ್ಟ್‌ವೇರ್, ಮೇಲಿಂದ ಕೆಳಗೆ ಒಂದೊಂದೇ ಕೊಂಬೆ ನೋಡಿ, ಈಗ ಮಾಡಬಹುದಾದದ್ದನ್ನು ಆರಿಸುತ್ತದೆ. 2004ರ ಹೇಲೋ 2 ಆಟದ ನಂತರ ಇದು ಗೇಮ್ ಲೋಕದಲ್ಲಿ ಎಲ್ಲ ಕಡೆ ಹರಡಿತು. ಅನ್‌ರಿಯಲ್, ಗೊಡೊ, ಯೂನಿಟಿ ಇವು ಮೂರು ಇಂಥ ಎಂಜಿನ್‌ಗಳು. ಅನ್‌ರಿಯಲ್‌ನಲ್ಲಿ ಇದು ಎಂಜಿನ್ ಜೊತೆಗೇ ಬರುತ್ತದೆ. ಗೊಡೊದಲ್ಲಿ ಬೀಹೇವ್, ಲಿಂಬೊಎಐ ಅನ್ನುವ ಆಡ್‌ಆನ್‌ಗಳಿವೆ. ಯೂನಿಟಿ 6ಕ್ಕೆ ಬಿಹೇವಿಯರ್ ಅನ್ನುವ ಪ್ಯಾಕೇಜ್ ಇದೆ.

ಈ ದಾರಿಯ ದೊಡ್ಡ ಲಾಭ ತಪ್ಪು ಹುಡುಕುವಾಗ ಗೊತ್ತಾಗುತ್ತದೆ. ಕೊನೆಗೌಡ ಒಂದು ದಿನ ಮರದ ತುದಿಯಲ್ಲೇ ಕೂತುಬಿಟ್ಟ. ಯಾವ ಸ್ಥಿತಿಯಲ್ಲಿದ್ದಾನೆ ಅಂತ ಪರದೆ ಮೇಲೆ ಬರೆಸಿ ನೋಡಿದೆ. ‘ದಾಟುವುದು’ ಅಂತ ಇತ್ತು. ಪಕ್ಕದ ಮರ ದೂರ ಇದ್ದರೆ ಇಳಿಯಬೇಕು ಅನ್ನುವ ಷರತ್ತನ್ನೇ ಹಾಕಿರಲಿಲ್ಲ. ಹತ್ತು ನಿಮಿಷದಲ್ಲಿ ಸರಿ ಮಾಡಿದೆ. ಮುಂದೆ ಹೇಳುವ ಎರಡು ದಾರಿಗಳಲ್ಲಿ ಪಾತ್ರದ ಮಿದುಳಾಗಿರುವ, ಕಲಿತ ನ್ಯೂರಲ್ ನೆಟ್‌ವರ್ಕ್ ಹೀಗೆ ಕೂತುಬಿಟ್ಟರೆ ಬಿಚ್ಚಿ ನೋಡಲು ಅಲ್ಲಿ ಏನೂ ಇರುವುದಿಲ್ಲ, ಬರೀ ಅಂಕಿಗಳು. ಆದ್ದರಿಂದ ಅಂಗಡಿಯವನು, ದಾರಿ ಹೋಕ, ಕಥೆ ಹೇಳುವ ಅಜ್ಜಿ, ಕಾವಲುಗಾರ, ಇಂಥವರಿಗೆಲ್ಲ ಈ ದಾರಿಯನ್ನೇ ಹಿಡಿಯಿರಿ. ದೊಡ್ಡ ಕಂಪನಿಗಳ ಆಟಗಳಲ್ಲೂ ಇವತ್ತಿಗೂ ಹೆಚ್ಚಿನ ಪಾತ್ರಗಳು ನಡೆಯುವುದು ಹೀಗೆಯೇ.

ತೋರಿಸುವ ದಾರಿ: ನಾಯಿ

ನಾಯಿಗೂ ಮೊದಲು ಬಿಹೇವಿಯರ್ ಟ್ರೀಯನ್ನೇ ಬರೆದಿದ್ದೆ. ಯಜಮಾನನ ಹಿಂದೆ ಹೋಗು, ಮಂಗ ಕಂಡರೆ ಬೊಗಳು, ಹತ್ತಿರ ಬಂದರೆ ಅಟ್ಟು. ಎಲ್ಲವೂ ಸರಿ ಇತ್ತು, ಆದರೆ ನೋಡಿದರೆ ನಾಯಿ ಅನಿಸುತ್ತಿರಲಿಲ್ಲ. ಗೆರೆ ಎಳೆದ ಹಾಗೆ ನೇರ ಓಡುತ್ತಿತ್ತು. ನಮ್ಮ ಮನೆ ನಾಯಿ ಹಾಗೆ ಓಡುವುದಿಲ್ಲ. ಒಂದು ಸುತ್ತು ಹಾಕುತ್ತದೆ, ತಿರುಗಿ ನೋಡುತ್ತದೆ, ನಡುವೆ ಏನೋ ಮೂಸುತ್ತದೆ, ಮತ್ತೆ ಓಡುತ್ತದೆ. ಇದನ್ನು ಷರತ್ತುಗಳಲ್ಲಿ ಬರೆಯಲು ಹೋದರೆ ಮುಗಿಯುವುದೇ ಇಲ್ಲ. ಆದರೆ ಕೀಬೋರ್ಡ್‌ನಲ್ಲಿ ನಾಯಿಯಾಗಿ ಆಡಿ ತೋರಿಸಲು ನನಗೆ ಬರುತ್ತದೆ.

ಪಾತ್ರಗಳಿಗೆ ಕಲಿಸಲು ಯೂನಿಟಿಯಲ್ಲಿರುವ ಸಲಕರಣೆ ಎಂಎಲ್ ಏಜೆಂಟ್ಸ್. ಅದರಲ್ಲಿ ಇದಕ್ಕೆ ಡೆಮಾನ್‌ಸ್ಟ್ರೇಷನ್ ರೆಕಾರ್ಡರ್ ಅಂತ ಒಂದು ಕಾಂಪೊನೆಂಟ್ ಇದೆ. ಅದನ್ನು ಹಾಕಿ ನೀವು ಆಡುತ್ತಾ ಹೋದರೆ, ಪ್ರತಿ ಕ್ಷಣ ಪಾತ್ರ ಏನು ಕಂಡಿತು, ನೀವು ಯಾವ ಕೀ ಒತ್ತಿದಿರಿ ಅನ್ನುವುದು ಒಂದು ಫೈಲಿಗೆ ಸೇರುತ್ತದೆ. ಆ ಫೈಲ್ ಕೊಟ್ಟು ಎರಡು ರೀತಿಯಲ್ಲಿ ಕಲಿಸಬಹುದು. ಬಿಹೇವಿಯರಲ್ ಕ್ಲೋನಿಂಗ್ ಅನ್ನುವುದು ಹೆಸರೇ ಹೇಳುವಂತೆ ನೇರ ನಕಲು. 2016ರಲ್ಲಿ ಬಂದ ಗೇಲ್ ಅನ್ನುವ ವಿಧಾನ ಸ್ವಲ್ಪ ಬೇರೆ. ಅಲ್ಲಿ ಇನ್ನೊಂದು ನೆಟ್‌ವರ್ಕ್ ತೀರ್ಪುಗಾರನಾಗಿ ಕೂರುತ್ತದೆ. ಈ ಓಟ ಮನುಷ್ಯ ಆಡಿದ್ದಾ, ಮಷಿನ್ ಆಡಿದ್ದಾ ಅಂತ ಹೇಳುವುದು ಅದರ ಕೆಲಸ. ಅದಕ್ಕೆ ವ್ಯತ್ಯಾಸ ಗೊತ್ತಾಗದ ಹಾಗೆ ಓಡಿದಷ್ಟೂ ಪಾತ್ರಕ್ಕೆ ಅಂಕ.

ನಾನು ಸುಮಾರು 40 ನಿಮಿಷ ನಾಯಿಯಾಗಿ ಆಡಿ ರೆಕಾರ್ಡ್ ಮಾಡಿದೆ. ಕಾಲುಸಂಕದ ಹತ್ತಿರ ಬಂದಾಗೆಲ್ಲ ಒಂದು ಕ್ಷಣ ನಿಲ್ಲಿಸುತ್ತಿದ್ದೆ, ಯಾಕೆಂದರೆ ಕೀ ಸ್ವಲ್ಪ ತಪ್ಪಿದರೂ ನಾಯಿ ಹಳ್ಳಕ್ಕೆ ಬೀಳುತ್ತಿತ್ತು. ಟ್ರೈನಿಂಗ್ ಮುಗಿದ ಮೇಲೆ ನೋಡಿದರೆ ನಾಯಿಯೂ ಸಂಕದ ಮುಂದೆ ನಿಂತು, ಆಚೆ ಈಚೆ ತಿರುಗಿ, ಆಮೇಲೆ ದಾಟುತ್ತಿದೆ! ಚಿಕ್ಕಮ್ಮ ಅದನ್ನು ನೋಡಿ, ‘ಸಂಕ ಕಂಡ್ರೆ ನಮ್ಮ ನಾಯಿನೂ ಹೀಗೇ ಮಾಡ್ತದೆ’ ಅಂದರು. ಆ ಒಂದು ತಡೆಯನ್ನು ನಾನು ಕೋಡ್‌ನಲ್ಲಿ ಬರೆಯಲು ಯಾವತ್ತೂ ಯೋಚಿಸುತ್ತಿರಲಿಲ್ಲ.

ಇದರ ಮಿತಿಯೂ ಅಲ್ಲೇ ಇದೆ. ನೀವು ತೋರಿಸಿದ ಜಾಗದಲ್ಲಿ ಮಾತ್ರ ಅದಕ್ಕೆ ಗೊತ್ತು. ನಾನು ಯಾವತ್ತೂ ನಾಯಿಯನ್ನು ಬೇಲಿಯ ಮೂಲೆಗೆ ಒಯ್ದಿರಲಿಲ್ಲ. ಒಂದು ಸಲ ಆಟದಲ್ಲಿ ಅಲ್ಲಿಗೆ ಹೋದದ್ದು ಅಲ್ಲೇ ಸುತ್ತುತ್ತಾ ಉಳಿಯಿತು. ನೇರ ನಕಲಿನಲ್ಲಿ ಸಣ್ಣ ತಪ್ಪು ಪಾತ್ರವನ್ನು ಹೊಸ ಜಾಗಕ್ಕೆ ಒಯ್ಯುತ್ತದೆ, ಹೊಸ ಜಾಗದಲ್ಲಿ ಇನ್ನೂ ದೊಡ್ಡ ತಪ್ಪು ಆಗುತ್ತದೆ. ಹಾಗಾಗಿ ರೆಕಾರ್ಡ್ ಮಾಡುವಾಗ ಬೇಕೆಂದೇ ಕೆಟ್ಟ ಜಾಗಗಳಿಗೆ ಹೋಗಿ, ಅಲ್ಲಿಂದ ಹೊರಗೆ ಬರುವುದನ್ನು ತೋರಿಸಿ. ಚೆಂದವಾಗಿ ಆಡಿದ ಒಂದು ಗಂಟೆಗಿಂತ, ಸಿಕ್ಕಿಹಾಕಿಕೊಂಡು ಬಿಡಿಸಿಕೊಂಡ ಹತ್ತು ನಿಮಿಷ ಹೆಚ್ಚು ಕೆಲಸಕ್ಕೆ ಬರುತ್ತದೆ.

ಕಲಿಯಲು ಬಿಡುವ ದಾರಿ: ಮಂಗಗಳು

ಮಂಗಗಳ ವಿಷಯಕ್ಕೆ ಬಂದರೆ ನನಗೆ ಹೇಳಲೂ ಬರಲಿಲ್ಲ, ತೋರಿಸಲೂ ಬರಲಿಲ್ಲ. ಐದಾರು ಮಂಗ ಒಟ್ಟಿಗೆ ತೋಟಕ್ಕೆ ಹೇಗೆ ನುಗ್ಗುತ್ತವೆ ಅಂತ ಯಾರು ಆಡಿ ತೋರಿಸಲು ಸಾಧ್ಯ? ಅವು ದಿನಕ್ಕೊಂದು ಉಪಾಯ ಹುಡುಕುತ್ತವೆ. ಬೆದರುಬೊಂಬೆ ನಿಲ್ಲಿಸಿದರೆ ವಾರದಲ್ಲಿ ಅದರ ತಲೆ ಮೇಲೆ ಕೂರುತ್ತವೆ. 2019ರಲ್ಲಿ ನಮ್ಮ ಜಿಲ್ಲೆಯ ಒಬ್ಬ ರೈತರು ಬೆಳೆ ಉಳಿಸಿಕೊಳ್ಳಲು ನಾಯಿಗೆ ಹುಲಿಯ ಪಟ್ಟೆ ಬಳಿದದ್ದು ದೇಶದ ಪತ್ರಿಕೆಗಳಲ್ಲೆಲ್ಲ ಬಂದಿತ್ತು. ಮಂಗಗಳ ಎದುರು ರೈತರೂ ಹೊಸದನ್ನು ಹುಡುಕುತ್ತಲೇ ಇರಬೇಕು. ಆಟದಲ್ಲೂ ಅದೇ ಬೇಕಿತ್ತು. ಆದರೆ ಗೆಲುವು ಯಾವುದು ಅಂತ ಮಾತ್ರ ಸ್ಪಷ್ಟ: ಬಾಳೆಹಣ್ಣು ಸಿಗಬೇಕು, ನಾಯಿಗೂ ಮನುಷ್ಯನಿಗೂ ತಾನು ಸಿಕ್ಕಿಬೀಳಬಾರದು. ಆರ್‌ಎಲ್‌ಗೆ ತಕ್ಕ ಪಾತ್ರ ಅಂದರೆ ಇದು.

ಮೊದಲ ಕೆಲಸ, ಮಂಗಕ್ಕೆ ಏನು ಕಾಣಬೇಕು ಅನ್ನುವುದು. ಇದನ್ನು ಅಬ್ಸರ್ವೇಷನ್ ಅನ್ನುತ್ತಾರೆ. ಮಂಗದ ಕಣ್ಣಿಗೆ ಕ್ಯಾಮೆರಾ ಇಟ್ಟು ಚಿತ್ರ ಕೊಡಬಹುದು, ಆದರೆ ಅದಕ್ಕೆ ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಬೇಕು, ಟ್ರೈನಿಂಗ್ ಬಹಳ ನಿಧಾನ. ಅದರ ಬದಲು ರೇ ಸೆನ್ಸರ್ ಹಾಕಿ. ಮಂಗದ ಸುತ್ತ ಕಡ್ಡಿಗಳ ಹಾಗೆ ಗೆರೆಗಳು ಚಾಚುತ್ತವೆ, ಯಾವ ಗೆರೆ ಯಾವುದಕ್ಕೆ ತಾಗಿತು, ಎಷ್ಟು ದೂರದಲ್ಲಿ ಅಂತ ಅಂಕಿಯಲ್ಲಿ ಸಿಗುತ್ತದೆ. ಇಷ್ಟಕ್ಕೆ ಸಾಮಾನ್ಯ ಲ್ಯಾಪ್‌ಟಾಪಿನ ಪ್ರೊಸೆಸರ್ ಸಾಕು.

ಇಲ್ಲೇ ನಾನು ಎರಡು ವಾರ ಕಳೆದೆ. ಮಂಗಗಳು ಮನುಷ್ಯನನ್ನು ಕಂಡ ಕೂಡಲೇ ಓಡುತ್ತಿದ್ದವು, ಇಲ್ಲವೇ ಕ್ಯಾರೇ ಅನ್ನುತ್ತಿರಲಿಲ್ಲ. ನಡುವಿನದ್ದು ಬರುತ್ತಲೇ ಇರಲಿಲ್ಲ. ಚಿಕ್ಕಪ್ಪನಿಗೆ ತೋರಿಸಿದೆ. ಅವರು ಸ್ವಲ್ಪ ಹೊತ್ತು ನೋಡಿ, ‘ನಿನ್ನ ಮಂಗಕ್ಕೆ ನನ್ನ ಕೈ ಕಾಣ್ತದನಾ ಮಾರಾಯ?’ ಅಂತ ಕೇಳಿದರು. ಕಾಣುತ್ತಿರಲಿಲ್ಲ! ಮನುಷ್ಯ ಇದ್ದಾನೆ ಅಂತಷ್ಟೇ ಗೆರೆ ಹೇಳುತ್ತಿತ್ತು. ಕವಣೆ ಕೈಯಲ್ಲಿದ್ದರೆ 1, ಇಲ್ಲದಿದ್ದರೆ 0 ಅಂತ ಒಂದೇ ಒಂದು ಅಂಕಿ ಸೇರಿಸಿದೆ. ಮಾರನೇ ದಿನದ ಟ್ರೈನಿಂಗ್‌ನಲ್ಲಿ ಮಂಗಗಳು ಬರಿಗೈ ಮನುಷ್ಯನ ಪಕ್ಕದಲ್ಲೇ ಹಣ್ಣು ಕೀಳುತ್ತಿದ್ದವು, ಕವಣೆ ಹೊರಬಂದ ಕೂಡಲೇ ಚದುರುತ್ತಿದ್ದವು. ಪಾತ್ರ ಕಲಿಯುತ್ತಿಲ್ಲ ಅನಿಸಿದರೆ ಅಂಕಗಳನ್ನು ಬದಲಿಸುವ ಮೊದಲು ಈ ಪ್ರಶ್ನೆ ಕೇಳಿಕೊಳ್ಳಿ: ನಿರ್ಧಾರಕ್ಕೆ ಬೇಕಾದದ್ದು ಅದಕ್ಕೆ ಕಾಣುತ್ತಿದೆಯಾ?

ಎರಡನೆಯದು ಅಂಕ, ಅಂದರೆ ರಿವಾರ್ಡ್. ಆರ್‌ಎಲ್‌ನ ಕಷ್ಟ ಎಲ್ಲ ಇರುವುದು ಇಲ್ಲಿ. ನನ್ನ ಮೊದಲ ಲೆಕ್ಕ ಹೀಗಿತ್ತು: ಹಣ್ಣು ಸಿಕ್ಕರೆ +1. ನಾಯಿಗೆ ಸಿಕ್ಕಿಬಿದ್ದರೆ −1, ಅಲ್ಲಿಗೆ ಆ ಸುತ್ತು ಮುಗಿಯಿತು. ಸುಮ್ನೆ ಕೂರಬಾರದು ಅಂತ ಪ್ರತಿ ಹೆಜ್ಜೆಗೆ −0.001. ಒಂದು ಸುತ್ತಿಗೆ 5,000 ಹೆಜ್ಜೆ. ನೋಡಲು ಏನೂ ತಪ್ಪಿಲ್ಲ ಅನಿಸುತ್ತದೆ.

ರಾತ್ರಿ ಟ್ರೈನಿಂಗ್ ಹಾಕಿ ಮಲಗಿದೆ. ಬೆಳಿಗ್ಗೆ ನೋಡಿದರೆ ಎಲ್ಲ ಮಂಗಗಳೂ ಮರದಿಂದ ಇಳಿದ ಕೂಡಲೇ ನೇರ ನಾಯಿಯ ಬಾಯಿಗೆ ಓಡುತ್ತಿವೆ. ಒಂದೂ ಬಾಳೆಗಿಡದ ಕಡೆ ತಿರುಗುತ್ತಿಲ್ಲ. ಕೂತು ಲೆಕ್ಕ ಹಾಕಿದಾಗ ಗೊತ್ತಾಯಿತು. ಹಣ್ಣು ಹುಡುಕಲು ಇನ್ನೂ ಬಾರದ ಮಂಗ ಸುತ್ತಿನ ಕೊನೆಯವರೆಗೆ ಬದುಕಿದ್ದರೆ 5,000 ಸಲ 0.001, ಅಂದರೆ −5. ಮೊದಲೇ ನಾಯಿಗೆ ಸಿಕ್ಕಿದರೆ ಬರೀ −1. ಸಿಕ್ಕಿಬೀಳುವುದೇ ಲಾಭ. ಮಂಗ ತಪ್ಪು ಮಾಡಿರಲಿಲ್ಲ, ನಾನು ಬರೆದ ಲೆಕ್ಕವನ್ನು ನನಗಿಂತ ಚೆನ್ನಾಗಿ ಓದಿತ್ತು. ಹೆಜ್ಜೆಯ ದಂಡವನ್ನು 0.0001ಕ್ಕೆ ಇಳಿಸಿದೆ. ಆಗ ಇಡೀ ಸುತ್ತಿಗೆ ಹೋಗುವುದು 0.5 ಮಾತ್ರ, ಸಿಕ್ಕಿಬೀಳುವುದಕ್ಕಿಂತ ಕಡಿಮೆ. ಮಂಗಗಳು ನಾಯಿಯಿಂದ ದೂರ ಸರಿದು ತೋಟ ಸುತ್ತಲು ಶುರು ಮಾಡಿದವು.

ಇಂಥದ್ದು ದೊಡ್ಡವರಿಗೂ ಆಗಿದೆ. 2016ರಲ್ಲಿ ಓಪನ್ಎಐ ತಂಡ ಕೋಸ್ಟ್‌ರನ್ನರ್ಸ್ ಅನ್ನುವ ದೋಣಿ ಓಟದ ಆಟದಲ್ಲಿ ಒಂದು ಪಾತ್ರಕ್ಕೆ ಕಲಿಸಿತ್ತು. ಆಟದ ಅಂಕ ಸಿಗುತ್ತಿದ್ದದ್ದು ದಾರಿಯಲ್ಲಿರುವ ಗುರಿಗಳಿಗೆ ಗುದ್ದಿದರೆ. ದೋಣಿ ಒಂದು ಮೂಲೆಯಲ್ಲಿ ಮತ್ತೆ ಮತ್ತೆ ಹುಟ್ಟುವ ಮೂರು ಗುರಿ ಕಂಡುಕೊಂಡಿತು. ಅಲ್ಲೇ ಸುತ್ತು ಹೊಡೆಯುತ್ತಾ, ಬೆಂಕಿ ಹತ್ತಿಕೊಂಡರೂ ಬಿಡದೆ, ಓಟ ಮುಗಿಸದೆಯೇ ಮನುಷ್ಯರಿಗಿಂತ ಸರಾಸರಿ 20 ಶೇಕಡಾ ಜಾಸ್ತಿ ಅಂಕ ಗಳಿಸಿತು.

ಹಣ್ಣಿನ ಹತ್ತಿರ ಹೋದರೆ ಸ್ವಲ್ಪ ಅಂಕ ಕೊಡೋಣ, ಬೇಗ ಕಲಿಯುತ್ತದೆ ಅಂತ ನಿಮಗೂ ಅನಿಸಬಹುದು. ಕೊಡಿ, ಆದರೆ ದೂರ ಹೋದಾಗ ಅಷ್ಟನ್ನೇ ವಾಪಸ್ ತೆಗೆದುಕೊಳ್ಳಿ. ಇಲ್ಲದಿದ್ದರೆ ಮಂಗ ಒಂದು ಹೆಜ್ಜೆ ಮುಂದೆ, ಒಂದು ಹೆಜ್ಜೆ ಹಿಂದೆ ಹಾಕುತ್ತಾ ದಿನವಿಡೀ ಅಂಕ ತಿನ್ನುತ್ತದೆ. ಹೋಗುವುದಕ್ಕೂ ಬರುವುದಕ್ಕೂ ಲೆಕ್ಕ ಸರಿಯಾಗಿದ್ದರೆ ಮೂಲ ಗುರಿ ಕೆಡುವುದಿಲ್ಲ ಅನ್ನುವುದನ್ನು 1999ರಲ್ಲೇ ಆಂಡ್ರ್ಯೂ ಎಂಗ್ ಮತ್ತು ಸಂಗಡಿಗರು ಗಣಿತದಿಂದ ತೋರಿಸಿದ್ದಾರೆ.

ಗುಂಪಿನ ವಿಷಯ ಬಂದಾಗ ಇನ್ನೊಂದು ತೊಡಕು. ನಮ್ಮ ತೋಟದಲ್ಲಿ ಒಂದು ಮಂಗ ಹಲಸಿನ ಮರದ ಮೇಲೆ ಕಾವಲು ಕೂರುತ್ತದೆ, ಉಳಿದವು ತಿನ್ನುತ್ತವೆ. ಒಬ್ಬೊಬ್ಬರಿಗೇ ಅಂಕ ಕೊಟ್ಟರೆ ಕಾವಲು ಕೂರುವವರು ಯಾರು? ಎಂಎಲ್ ಏಜೆಂಟ್ಸ್‌ನಲ್ಲಿ ಪೋಕಾ ಅನ್ನುವ ವಿಧಾನ ಇದಕ್ಕೇ ಇದೆ. ಅಂಕವನ್ನು ಇಡೀ ಗುಂಪಿಗೆ ಕೊಡಬಹುದು. ನಡುವೆ ನಾಯಿಗೆ ಸಿಕ್ಕಿ ಆಟದಿಂದ ಹೊರಗೆ ಹೋದ ಮಂಗಕ್ಕೂ, ತಾನು ಮಾಡಿದ್ದರಿಂದ ಗುಂಪಿಗೆ ಆಮೇಲೆ ಲಾಭ ಆಯಿತು ಅನ್ನುವ ಲೆಕ್ಕ ಸೇರುತ್ತದೆ. ನಾಯಿಯನ್ನು ಒಂದು ಕಡೆ ಎಳೆದುಕೊಂಡು ಹೋಗುವ ಮಂಗ ನನ್ನ ಆಟದಲ್ಲಿ ಹುಟ್ಟಿದ್ದು ಪೋಕಾ ಹಾಕಿದ ಮೇಲೆ. ಆರ್‌ಎಲ್ ಹಿಡಿದದ್ದು ಸಾರ್ಥಕ ಅನಿಸಿದ್ದು ಆ ದಿನ.

ಒಂಟಿ ಪಾತ್ರವಾದರೆ ಸುಮ್ನೆ ಪಿಪಿಒದಿಂದ ಶುರು ಮಾಡಿ. ಆರ್‌ಎಲ್‌ನಲ್ಲಿ ಕಲಿಸುವ ಒಂದು ವಿಧಾನ ಅದು, 2017ರಲ್ಲಿ ಬಂದದ್ದು, ಸೆಟ್ಟಿಂಗ್‌ಗಳನ್ನು ಹೆಚ್ಚು ಬದಲಿಸದೆಯೇ ಕೆಲಸ ಮಾಡುತ್ತದೆ. ಎಸ್‌ಎಸಿ ಅನ್ನುವ ಇನ್ನೊಂದು ವಿಧಾನ ಕಡಿಮೆ ಅನುಭವದಲ್ಲೇ ಕಲಿಯುತ್ತದೆ, ನಿಮ್ಮ ಆಟ ಬಹಳ ನಿಧಾನವಾಗಿ ಓಡುವಂಥದ್ದಾದರೆ ಮಾತ್ರ ಅದರ ಕಡೆ ನೋಡಿ.

ತೋಟವನ್ನು ಒಂದೇ ತರಹ ಇಡಬೇಡಿ. ನಾನು ಮೊದಲು ಒಂದೇ ತೋಟದಲ್ಲಿ ಕಲಿಸಿದ್ದೆ. ಬಾಳೆಗಿಡ ನಾಲ್ಕು ಮಾರು ಸರಿಸಿದರೆ ಮಂಗಗಳು ಹಳೆಯ ಜಾಗಕ್ಕೇ ಹೋಗಿ ಗಾಳಿಗೆ ಕೈ ಹಾಕುತ್ತಿದ್ದವು. ಅವು ಕಲಿತದ್ದು ಹಣ್ಣು ಹುಡುಕುವುದನ್ನಲ್ಲ, ಆ ಜಾಗವನ್ನು. ಪ್ರತಿ ಸುತ್ತಿಗೂ ಗಿಡ, ಸಂಕ, ನಾಯಿಯ ಜಾಗ ಬದಲಾಗುವ ಹಾಗೆ ಮಾಡಿದ ಮೇಲೆ ಸರಿಹೋಯಿತು.

ಸಮಯ ಎಷ್ಟು, ಕರೆಂಟ್ ಎಷ್ಟು

ಎಲ್ಲರೂ ಕೇಳುವುದು ಇದನ್ನೇ, ಆದ್ದರಿಂದ ಲೆಕ್ಕ ಬಿಡಿಸಿ ಹೇಳುತ್ತೇನೆ. ಯೂನಿಟಿಯಲ್ಲಿ ಭೌತಿಕ ಲೆಕ್ಕ ಸೆಕೆಂಡಿಗೆ 50 ಸಲ ನಡೆಯುತ್ತದೆ. ಏಜೆಂಟ್, ಅಂದರೆ ಕಲಿಯುವ ಪಾತ್ರ, ಸಾಮಾನ್ಯವಾಗಿ 5 ಸಲಕ್ಕೊಮ್ಮೆ ನಿರ್ಧಾರ ಮಾಡುತ್ತದೆ, ಅಂದರೆ ಸೆಕೆಂಡಿಗೆ 10 ನಿರ್ಧಾರ. 10 ಲಕ್ಷ ನಿರ್ಧಾರಕ್ಕೆ ಆಟದ ಒಳಗಿನ ಸಮಯ 1 ಲಕ್ಷ ಸೆಕೆಂಡ್, ಹತ್ತಿರ ಹತ್ತಿರ 28 ಗಂಟೆ. ಒಂದೇ ಸೀನ್‌ನಲ್ಲಿ ತೋಟದ 16 ಪ್ರತಿ ಇಟ್ಟು, ಪ್ರತಿಯೊಂದರಲ್ಲೂ ಒಂದು ಮಂಗ ಬಿಟ್ಟರೆ ಅದು 1 ಗಂಟೆ 45 ನಿಮಿಷಕ್ಕೆ ಇಳಿಯುತ್ತದೆ. ಅದರ ಮೇಲೆ ಆಟದ ವೇಗ ಹೆಚ್ಚಿಸಬಹುದು. ಎಂಎಲ್ ಏಜೆಂಟ್ಸ್ ತಾನಾಗಿಯೇ 20 ಪಟ್ಟು ವೇಗ ಇಡುತ್ತದೆ, ಹಳೆಯ ಲ್ಯಾಪ್‌ಟಾಪ್ ಅಷ್ಟು ಎಳೆಯುವುದಿಲ್ಲ. ನನ್ನದು ನಾಲ್ಕೈದು ಪಟ್ಟು ಓಡಿದರೆ ಹೆಚ್ಚು. ಆದರೂ ಒಂದು ಪ್ರಯೋಗ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ಒಂದೇ ಪ್ರಯೋಗದಲ್ಲಿ ಸರಿಹೋಗುವುದಿಲ್ಲ, ನಲವತ್ತು ಐವತ್ತು ಸಲ ಮಾಡಬೇಕಾಗುತ್ತದೆ, ಸಮಯ ಹೋಗುವುದು ಅಲ್ಲಿ.

ಮಲೆನಾಡಿನವರಿಗೆ ಇನ್ನೊಂದು ಮುಖ್ಯ ವಿಷಯ. ಮಳೆಗಾಲದಲ್ಲಿ ಲೈನ್ ಮೇಲೆ ಮರ ಬಿದ್ದರೆ ಕರೆಂಟ್ ಯಾವಾಗ ಬರುತ್ತದೋ ಹೇಳಲಾಗದು. ಎಂಎಲ್ ಏಜೆಂಟ್ಸ್ ನೀವೇ ನಿಲ್ಲಿಸಿದರೆ ಕಲಿತದ್ದನ್ನು ಉಳಿಸಿ ನಿಲ್ಲುತ್ತದೆ. ಬ್ಯಾಟರಿ ಸತ್ತು ಮಷಿನ್ ಆರಿದರೆ ಉಳಿಯುವುದು ಕೊನೆಯ ಚೆಕ್‌ಪಾಯಿಂಟ್ ಮಾತ್ರ, ಅಂದರೆ ನಡುನಡುವೆ ತಾನಾಗಿ ಉಳಿಸಿಟ್ಟ ಪ್ರತಿ. ತಾನಾಗಿ ಇರುವ ಸೆಟ್ಟಿಂಗ್‌ನಲ್ಲಿ ಚೆಕ್‌ಪಾಯಿಂಟ್ 5 ಲಕ್ಷ ಹೆಜ್ಜೆಗೊಮ್ಮೆ. ಜುಲೈಯ ಒಂದು ರಾತ್ರಿ ನನ್ನ 4 ಲಕ್ಷ ಹೆಜ್ಜೆ ಹಾಗೇ ಹೋಯಿತು. ಕಾನ್ಫಿಗ್ ಫೈಲ್‌ನಲ್ಲಿ ಅದನ್ನು 50,000ಕ್ಕೆ ಇಳಿಸಿ. ಕರೆಂಟ್ ಬಂದ ಮೇಲೆ ಅದೇ ರನ್ ಹೆಸರು ಕೊಟ್ಟು ರೆಸ್ಯೂಮ್ ಅಂದರೆ ಬಿಟ್ಟಲ್ಲಿಂದ ಮುಂದುವರಿಯುತ್ತದೆ.

ದೊಡ್ಡ ತಂಡಗಳ ಸುದ್ದಿ ಓದಿ ಅಳತೆ ತಪ್ಪಬೇಡಿ. 2019ರಲ್ಲಿ ಡೋಟಾ 2 ಆಟದ ವಿಶ್ವ ಚಾಂಪಿಯನ್ ತಂಡವನ್ನು ಸೋಲಿಸಿದ ಓಪನ್ಎಐ ಫೈವ್, 10 ತಿಂಗಳಲ್ಲಿ 45,000 ವರ್ಷದಷ್ಟು ಆಟ ಆಡಿ ಕಲಿತದ್ದು. ನಮ್ಮ ಮಂಗಕ್ಕೆ ಅದು ಬೇಕಾಗಿಲ್ಲ. ಕಾಣುವುದು, ಮಾಡುವುದು ಎರಡನ್ನೂ ಚಿಕ್ಕದಾಗಿ ಇಟ್ಟರೆ ಲ್ಯಾಪ್‌ಟಾಪ್ ಸಾಕು. ಕಲಿತ ಮೇಲೆ ಬರುವ ಮಾಡೆಲ್ ಫೈಲ್ ಒಂದು ಫೋಟೋಗಿಂತ ಚಿಕ್ಕದು, ಸಾಮಾನ್ಯ ಫೋನಿನಲ್ಲೂ ಓಡುತ್ತದೆ.

ಯಾವ ಎಂಜಿನ್

ಯೂನಿಟಿಯ ಎಂಎಲ್ ಏಜೆಂಟ್ಸ್ 2017ರಿಂದ ಇದೆ. ಉದಾಹರಣೆಗಳು ಜಾಸ್ತಿ, ಮೇಲೆ ಹೇಳಿದ ಪೋಕಾ, ಗೇಲ್, ರೆಕಾರ್ಡರ್ ಎಲ್ಲ ಒಂದೇ ಕಡೆ ಸಿಗುತ್ತವೆ. ತಲೆನೋವು ಅಂದರೆ ಟ್ರೈನಿಂಗ್ ಓಡಿಸಲು ಬೇಕಾದ ಪೈಥಾನ್ ಭಾಷೆಯ ಆವೃತ್ತಿಗಳು. ಇತ್ತೀಚಿನ ಬಿಡುಗಡೆಗಳಿಗೆ ಪೈಥಾನ್ 3.10 ಬೇಕು, ಹೊಸದು ಹಾಕಿಕೊಂಡರೆ ಇನ್‌ಸ್ಟಾಲ್ ಆಗುವುದೇ ಕಷ್ಟ. ಅದಕ್ಕೆ ಅಂತ ಬೇರೆ ವರ್ಚುಯಲ್ ಎನ್ವಿರಾನ್‌ಮೆಂಟ್ ಮಾಡಿ, ಉಳಿದ ಕೆಲಸದ ಜೊತೆ ಬೆರೆಸಬೇಡಿ.

ಲ್ಯಾಪ್‌ಟಾಪ್ ಹಳೆಯದಾಗಿದ್ದರೆ ನನ್ನ ಮನಸ್ಸು ಗೊಡೊ ಕಡೆ. ಎಂಜಿನ್ನೇ ಹಗುರ, ಪೂರ್ತಿ ಉಚಿತ. ಗೊಡೊ ಆರ್‌ಎಲ್ ಏಜೆಂಟ್ಸ್ ಅನ್ನುವ ಓಪನ್ ಸೋರ್ಸ್ ಪ್ಲಗಿನ್ ಇದೆ, ಸ್ಟೇಬಲ್ ಬೇಸ್‌ಲೈನ್ಸ್ 3ರಂಥ ಆರ್‌ಎಲ್ ಲೈಬ್ರರಿಗಳ ಜೊತೆ ಹೊಂದುತ್ತದೆ. ಒಂದು ವಿಷಯ ಮೊದಲೇ ತಿಳಿದುಕೊಳ್ಳಿ. ಕಲಿತ ಮಾಡೆಲನ್ನು ಆಟದ ಒಳಗೆ ಓಡಿಸಲು ಗೊಡೊದ ಡಾಟ್‌ನೆಟ್ ಆವೃತ್ತಿ ಬೇಕು. ನಾನು ಬಳಸಿದ ಗೊಡೊ 4ರಲ್ಲಿ ಆ ಆವೃತ್ತಿಯ ಆಟ ವೆಬ್‌ಗೆ ಎಕ್ಸ್‌ಪೋರ್ಟ್ ಆಗುವುದಿಲ್ಲ. ಬ್ರೌಸರ್‌ನಲ್ಲಿ ಆಡಿಸುವ ಆಸೆ ಇದ್ದರೆ ಇದು ಅಡ್ಡ ಬರುತ್ತದೆ.

ಅನ್‌ರಿಯಲ್‌ಗೆ 5.3ರಿಂದ ಲರ್ನಿಂಗ್ ಏಜೆಂಟ್ಸ್ ಅನ್ನುವ ಪ್ರಾಯೋಗಿಕ ಪ್ಲಗಿನ್ ಬಂದಿದೆ, ಪಿಪಿಒ ಮತ್ತು ಇಮಿಟೇಷನ್ ಎರಡೂ ಇವೆ. ಆಟ ಈಗಾಗಲೇ ಅನ್‌ರಿಯಲ್‌ನಲ್ಲಿದ್ದರೆ ಬಳಸಿ. ಇದೊಂದಕ್ಕಾಗಿ ಅನ್‌ರಿಯಲ್‌ಗೆ ಹೋಗುವುದು ಬೇಡ.

ಮೂರನ್ನೂ ಬೆರೆಸಿದರೆ

ಈಗ ನನ್ನ ಮಂಗಗಳು ಪೂರ್ತಿ ಆರ್‌ಎಲ್ ಅಲ್ಲ. ಬೆಳಿಗ್ಗೆ ಕಾಡಿನಿಂದ ಬರುವುದು, ಮರದ ಮೇಲೆ ಕೂತು ಹೇನು ಹೆಕ್ಕುವುದು, ಸಂಜೆ ವಾಪಸ್ ಹೋಗುವುದು ಎಲ್ಲ ಸ್ಟೇಟ್ ಮಷಿನ್. ‘ತೋಟಕ್ಕೆ ನುಗ್ಗು’ ಅನ್ನುವ ಒಂದೇ ಸ್ಥಿತಿಯ ಒಳಗೆ ಕಲಿತ ಮಾಡೆಲ್ ಇದೆ. ಹೀಗೆ ಮಾಡಿದ್ದರಿಂದ ಟ್ರೈನಿಂಗ್ ಚಿಕ್ಕದಾಯಿತು, ಮಂಗ ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಹೊರಗಿನ ಸ್ಟೇಟ್ ಮಷಿನ್ ಅದನ್ನು ಮರಕ್ಕೆ ಹತ್ತಿಸಿಬಿಡುತ್ತದೆ. ನಾಯಿಗೂ ಸುರಕ್ಷತೆಗೆ ಹಾಗೇ ಇಟ್ಟಿದ್ದೇನೆ, ಬೇಲಿಯ ಮೂಲೆಯಲ್ಲಿ ಹತ್ತು ಸೆಕೆಂಡ್ ಸುತ್ತಿದರೆ ಮಾಮೂಲಿ ದಾರಿ ಹುಡುಕುವ ಕೋಡ್ ಅದನ್ನು ಯಜಮಾನನ ಹತ್ತಿರ ತರುತ್ತದೆ.

ಇನ್ನೊಂದು ಕಷ್ಟ ಕೊನೆಗೆ ಗೊತ್ತಾಗುತ್ತದೆ. ಚೆನ್ನಾಗಿ ಕಲಿತ ಮಂಗದ ಎದುರು ಆಡುವವರಿಗೆ ಖುಷಿ ಇರುವುದಿಲ್ಲ. ನನ್ನ ತಂಗಿಯ ಮಗಳು ಹತ್ತು ಸಲ ಸೋತು ಫೋನ್ ಕೆಳಗಿಟ್ಟಳು. ಬಿಹೇವಿಯರ್ ಟ್ರೀ ಆಗಿದ್ದರೆ ಒಂದು ಅಂಕಿ ಬದಲಿಸಿ ಸೋಮಾರಿ ಮಾಡಬಹುದಿತ್ತು. ಮಾಡೆಲ್‌ಗೆ ‘ಸ್ವಲ್ಪ ನಿಧಾನ’ ಅಂತ ಹೇಳಲು ಬರುವುದಿಲ್ಲ. ಕಾರ್ ಓಟದ ಆಟ ಗ್ರಾನ್ ಟುರಿಸ್ಮೊ 7ಕ್ಕೆ 2023ರಲ್ಲಿ ಸೋನಿಯವರು ಸೋಫಿ ಅನ್ನುವ ಕಲಿತ ಚಾಲಕನನ್ನು ತಂದಾಗ, ಅವರೂ ಹೊಸಬರಿಗೆ, ಮಧ್ಯಮದವರಿಗೆ, ಪಳಗಿದವರಿಗೆ ಅಂತ ಬೇರೆ ಬೇರೆ ಮಟ್ಟ ಇಟ್ಟಿದ್ದರು. ನಾನು ಮಾಡಿದ್ದು ಸುಲಭದ ಉಪಾಯ: ಟ್ರೈನಿಂಗ್ ನಡುವಿನ ಚೆಕ್‌ಪಾಯಿಂಟ್‌ಗಳನ್ನು ಬಿಸಾಡಲಿಲ್ಲ. 3 ಲಕ್ಷ ಹೆಜ್ಜೆಯ ಮಂಗ ಮೊದಲ ಹಂತಕ್ಕೆ, 10 ಲಕ್ಷದ್ದು ನಡುವಿಗೆ, ಪೂರ್ತಿ ಕಲಿತದ್ದು ಕೊನೆಗೆ. ಅರ್ಧ ಕಲಿತ ಮಂಗ ತಪ್ಪುವ ರೀತಿ ಮರಿ ಮಂಗದ ಹಾಗೇ ಇರುತ್ತದೆ, ಹೋಗುವುದು ಸರಿಯಾದ ಗಿಡಕ್ಕೇ, ನಾಯಿ ಇದೆ ಅನ್ನುವುದನ್ನು ಮರೆತುಬಿಡುತ್ತದೆ.

ನೀವು ಆರ್‌ಎಲ್ ಹಿಡಿಯುವುದೇ ಆದರೆ ಮೊದಲ ಸಂಜೆ ಇಡೀ ತೋಟ ಕಟ್ಟಬೇಡಿ. ಬಯಲಿನಲ್ಲಿ ಒಂದು ಮಂಗ, ಎದುರಿಗೆ ಒಂದು ಬಾಳೆಗೊನೆ. ಅಷ್ಟು ಕಲಿಯದಿದ್ದರೆ ಅಬ್ಸರ್ವೇಷನ್‌ನಲ್ಲೋ ಅಂಕದಲ್ಲೋ ತಪ್ಪಿದೆ, ಹುಡುಕುವುದೂ ಸುಲಭ. ಅದು ಕಲಿತ ಮೇಲೆ ಗೊನೆಯ ಜಾಗ ಬದಲಿಸಿ. ಆಮೇಲೆ ಅಡಿಕೆ ಮರಗಳು, ಆಮೇಲೆ ನಾಯಿ, ಎಲ್ಲ ಆದ ಮೇಲೆ ಕವಣೆ ಹಿಡಿದ ಮನುಷ್ಯ.